ಚಂಚಿಯ ನಾಲ್ಕು ಕಿಸೆ



ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳ ಬ್ಯಾಂಕ್ ಶಾಖೆಗಳಲ್ಲಿಯೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಕಬ್ಬಿನ ಬಿಲ್ಲು ಜಮಾ ಆಗುವ ದಿನಗಳಲ್ಲಿ ನಾವು ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಮಂದಿ ಕೂತಿರುತ್ತಿದ್ದರು. ಪಾಸ್‌ಬುಕ್ಕಿನಲ್ಲಿ ಜಮಾ ಬರೆಸಿಕೊಂಡು, ಅಂಕಿಯನ್ನು ಎರಡು ಸಲ ಓದಿ, ಆಮೇಲೆ ಕೌಂಟರಿಗೆ ಬಾಗಿ ಮೆಲ್ಲಗೆ ಕೇಳುತ್ತಿದ್ದರು: “ಸಾಹೇಬ್ರ, ರೊಕ್ಕ ಎಲ್ಲಿ ಇಟ್ರ ಛಲೋ?”

ಈ ಪ್ರಶ್ನೆಗೆ ನಾನು ಬಹಳ ವರ್ಷ ಬಡ್ಡಿಯ ದರ ಹೇಳುತ್ತಿದ್ದೆ. ಸರಿಯಾದ ಉತ್ತರ ಕಲಿಸಿದ್ದು ಹುಕ್ಕೇರಿ ತಾಲ್ಲೂಕಿನ ಒಬ್ಬ ಅಜ್ಜಿ. ಒಂದು ಸಂತೆಯ ದಿನ ಆಕೆ ಶಾಖೆಗೆ ಬಂದು, ಸೊಂಟದಿಂದ ತನ್ನ ಎಲೆಅಡಿಕೆಯ ಚಂಚಿ ತೆಗೆದು ಕೌಂಟರಿನ ಮೇಲೆ ಬಿಚ್ಚಿದಳು. ಬಣ್ಣಬಣ್ಣದ ಅರಿವೆಯ ತುಂಡು ಕೂಡಿಸಿ ಕೈಯಿಂದ ಹೊಲಿದ ಚಂಚಿ. ಅದಕ್ಕೆ ನಾಲ್ಕು ಕಿಸೆ. ಎಲೆ, ಅಡಿಕೆಗಳ ನಡುವೆಯೇ ಒಂದೊಂದು ಕಿಸೆಯಲ್ಲಿ ಮಡಚಿದ ನೋಟು. ಒಂದೊಂದನ್ನೇ ಬೆರಳಿನಿಂದ ತೋರಿಸಿದಳು: “ಯಪ್ಪಾ, ಇದು ಸಂತಿದು. ಇದು ದವಾಖಾನಿದು. ಇದು ಮೊಮ್ಮಗಳ ಸಾಲಿದು. ಇದು ನನ್ನ ಮಣ್ಣು ಮಾಡಾಕ. ಇದೊಂದು ಕಿಸೆದಾಗಿನ ರೊಕ್ಕ ನಿಮ್ಮಲ್ಲೇ ಇಟ್ಟುಕೋರಿ. ನಾ ಸತ್ತಾಗ ಮಗಾ ಸಾಲ ಮಾಡಬಾರದು.”

ಆಕೆ ಬಡ್ಡಿ ಎಷ್ಟು ಎಂದು ಕೇಳಲಿಲ್ಲ. ಯಾವ ರೊಕ್ಕ ಯಾವ ದಿನಕ್ಕೆ ಬೇಕು ಎನ್ನುವುದು ಆಕೆಗೆ ಮೊದಲೇ ಗೊತ್ತಿತ್ತು. ನಾನು ಇವತ್ತು ಹೇಳಬೇಕೆಂದಿರುವುದೂ ಇದನ್ನೇ. ಪೇಟೆ ಏರಿತೋ ಇಳಿಯಿತೋ ಎಂದು ನೋಡಿ ದುಡ್ಡು ಇಡಬೇಡಿ. ಆ ದುಡ್ಡು ಯಾವ ದಿನ ಬೇಕು ಎಂದು ನೋಡಿ ಇಡಿ. ಪೇಟೆ ನಮ್ಮ ಕೈಯಲ್ಲಿಲ್ಲ. ಚಂಚಿ ನಮ್ಮ ಕೈಯಲ್ಲಿದೆ.

ಪೇಟೆ ಎಷ್ಟು ಬದಲಾಗುತ್ತದೆ ಎನ್ನುವುದನ್ನು ನಮ್ಮ ಭಾಗದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಗೋವಿನಜೋಳ, ಅರಿಸಿನ, ಬೆಲ್ಲ ಯಾವುದರ ಧಾರಣೆಯೂ ಎರಡು ವರ್ಷ ಒಂದೇ ತೆರನಾಗಿ ನಿಂತಿಲ್ಲ. ಕಬ್ಬಿನ ದರಕ್ಕಾಗಿ 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಾತ್ರಿ ಹಗಲು ರಸ್ತೆಯಲ್ಲಿ ಕೂತರು. ಕೇಳಿದ್ದು ಟನ್ನಿಗೆ 3,500 ರೂಪಾಯಿ. ಕೊನೆಗೆ ಸರ್ಕಾರ ಘೋಷಿಸಿದ್ದು 3,300. ಟನ್ನಿಗೆ ಹೆಚ್ಚಿನ ದರ ಪಡೆಯಲು ಚಳಿಯಲ್ಲಿ ಕೂರುವ ನಾವು, ಕೈಗೆ ಬಂದ ಆ ರೊಕ್ಕ ಎಲ್ಲಿ ಹೋಯಿತು ಎಂದು ಮನೆಯಲ್ಲಿ ಲೆಕ್ಕ ಬರೆಯುವುದಿಲ್ಲ. ನನಗೆ ನೋವಾಗುವುದು ಇಲ್ಲಿಯೇ.

ಪಗಾರದವರಿಗೂ ರೈತರಿಗೂ ಒಂದು ಅಂತರವಿದೆ. 1885ರಲ್ಲಿ ಶುರುವಾದ ಗೋಕಾಕ ಮಿಲ್ಲಿನಲ್ಲಿ ದುಡಿದ ಮನೆತನಗಳನ್ನು ನೋಡಿ. ತಿಂಗಳಿಗೊಮ್ಮೆ ಪಗಾರ. 1952ರ ಭವಿಷ್ಯನಿಧಿ ಕಾಯ್ದೆಯ ನಂತರ ಕೈಗೆ ಬರುವ ಮೊದಲೇ ಪಗಾರದ ಒಂದು ಪಾಲು ಪಿಎಫ್‌ಗೆ ಹೋಗುತ್ತಿತ್ತು. ಕಣ್ಣಿಗೆ ಬೀಳದ ರೊಕ್ಕ ಖರ್ಚಾಗುವುದಿಲ್ಲ. ಆದ್ದರಿಂದಲೇ ನಿವೃತ್ತಿಯ ದಿನ ಒಂದು ಗಂಟು ಉಳಿದಿರುತ್ತಿತ್ತು. ರೈತನಿಗೆ ಹಾಗಲ್ಲ. ಅವನ ರೊಕ್ಕ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಹೊಳೆಯಂತೆ ಬರುತ್ತದೆ. ಹೊಳೆಗೆ ಒಡ್ಡು ಬೇಕು. ಗೋಕಾಕ ತಾಲ್ಲೂಕಿನ ಧುಪದಾಳದಲ್ಲಿ 1897ರಲ್ಲಿಯೇ ಘಟಪ್ರಭೆಗೆ ಒಡ್ಡು ಕಟ್ಟಿದರು. ಆಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ನೀರು ನಿಲ್ಲುವ ಜಲಾಶಯವಾಯಿತು. ಮೂರು ತಿಂಗಳ ಮಳೆಯನ್ನು ಹಿಡಿದಿಟ್ಟು, ಕಾಲುವೆಗೆ ಪಾಳಿಯ ಪ್ರಕಾರ ಬಿಡುವುದರಿಂದಲೇ ಬೇಸಿಗೆಯಲ್ಲೂ ನಮ್ಮ ಹೊಲ ಹಸಿರಾಗಿರುತ್ತದೆ. ಮನೆಯ ರೊಕ್ಕಕ್ಕೂ ಇದೇ ಪಾಳಿ ಬೇಕು.

ಒಂದು ಲೆಕ್ಕ ಹಾಕೋಣ. ಮೂರು ಎಕರೆ ಕಬ್ಬು, ಎಕರೆಗೆ 40 ಟನ್ನಿನಂತೆ 120 ಟನ್ನು ಎಂದಿಟ್ಟುಕೊಳ್ಳಿ. ಕಟಾವು, ಸಾಗಾಣಿಕೆ ಎಲ್ಲ ಹೋಗಿ ಟನ್ನಿಗೆ ಮೂರು ಸಾವಿರ ಕೈಗೆ ಬಂದರೆ 3,60,000 ರೂಪಾಯಿ. ಅದರಲ್ಲಿ ಸೊಸೈಟಿಯ ಬೆಳೆಸಾಲ 1,20,000 ತೀರಿಸಬೇಕು. ಸಹಕಾರಿ ಸಂಘಗಳಲ್ಲಿ 5 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿಯಿಲ್ಲ ಎಂದು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಆ ಸವಲತ್ತು. ಹಾಗಾಗಿ ಮೊದಲು ಅದನ್ನು ಕಟ್ಟಿ. ಉಳಿಯಿತು 2,40,000. ಈಗ ಚಂಚಿ ಬಿಚ್ಚೋಣ.

ಮೊದಲನೆಯದು ಸಂತೆಯ ಕಿಸೆ. ಮನೆಯ ಖರ್ಚು ತಿಂಗಳಿಗೆ 12,000 ಎಂದರೆ ವರ್ಷಕ್ಕೆ 1,44,000. ಈ ರೊಕ್ಕ ಇಡೀ ವರ್ಷ ಬೇಕು. ಇದನ್ನು ಶೇರಿಗೆ ಹಾಕುವಂತಿಲ್ಲ, ಬಂಗಾರ ಮಾಡುವಂತಿಲ್ಲ, ಬೀಗರಿಗೆ ಕೈಗಡ ಕೊಡುವಂತಿಲ್ಲ. ಉಳಿತಾಯ ಖಾತೆಯಲ್ಲಿರಲಿ. ಆರು ತಿಂಗಳ ನಂತರ ಬೇಕಾಗುವ ಅರ್ಧ ಬೇಕಾದರೆ ಆರು ತಿಂಗಳ ಠೇವಣಿಯಲ್ಲಿರಲಿ. ತಿಂಗಳಿಗೊಮ್ಮೆ ನಿಮಗೆ ನೀವೇ ಪಗಾರ ಕೊಟ್ಟುಕೊಳ್ಳಿ. ಗೋಕಾಕದ ಪೇಟೆಯಲ್ಲಿ ಕರದಂಟು, ಕಾಯಿಪಲ್ಲೆ ಮಾರುವವರಿಗೆ ಗಳಿಕೆ ದಿನದ್ದು. ಅವರಿಗೆ ಪಿಗ್ಮಿ ಇದೆ. ಉಡುಪಿಯಲ್ಲಿ ಟಿ. ಎಂ. ಎ. ಪೈ ಅವರು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ತಮ್ಮ ಬ್ಯಾಂಕಿನಿಂದ 1928ರಲ್ಲಿ ಶುರುಮಾಡಿದ ಪದ್ಧತಿ ಅದು. ಆಗ ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಅಂಗಡಿಯ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಒಂದೇ ಎಚ್ಚರ: ಪಿಗ್ಮಿ ಕೊಟ್ಟ ಕೂಡಲೇ ರಸೀದಿ ಪಡೆಯಿರಿ, ತಿಂಗಳಿಗೊಮ್ಮೆ ಸ್ವತಃ ಕಚೇರಿಗೆ ಹೋಗಿ ಬಾಕಿ ನೋಡಿಕೊಂಡು ಬನ್ನಿ.

ಎರಡನೆಯದು ದವಾಖಾನೆಯ ಕಿಸೆ, ಅಂದರೆ ಆಪತ್ತಿನ ರೊಕ್ಕ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿದ್ದು ನಿಮಗೆ ನೆನಪಿದೆ. ಲೋಳಸೂರ ಸೇತುವೆ ಮುಳುಗಿತು. ನೀರು ಇಳಿದ ಮೇಲೆ ಶಾಖೆಗೆ ಬಂದ ಇಬ್ಬರು ವ್ಯಾಪಾರಿಗಳನ್ನು ನಾನು ಮರೆತಿಲ್ಲ. ಇಬ್ಬರ ಅಂಗಡಿಯೂ ಕೆಸರಾಗಿತ್ತು. ಒಬ್ಬರಿಗೆ 60,000 ರೂಪಾಯಿಯ ಠೇವಣಿ ಇತ್ತು. ಅದನ್ನು ಮುರಿಸಿ ಹೊಸ ಮಾಲು ತಂದು ದಸರೆಯ ಹೊತ್ತಿಗೆ ಅಂಗಡಿ ತೆರೆದರು. ಇನ್ನೊಬ್ಬರದು ಅದಕ್ಕಿಂತ ದೊಡ್ಡ ಅಂಗಡಿ. ಆದರೆ ರೊಕ್ಕವೆಲ್ಲ ಒಂದು ಪ್ಲಾಟಿನಲ್ಲಿ ಸಿಕ್ಕಿಕೊಂಡಿತ್ತು. ಆ ಹೊತ್ತಿನಲ್ಲಿ ಪ್ಲಾಟು ಕೊಳ್ಳುವವರಿಲ್ಲ. ಕೈಬಡ್ಡಿಗೆ ಸಾಲ ತಂದರು. ಆಸ್ತಿ ಇದ್ದವರು ಸೋತರು, ಕೈಗೆ ಸಿಗುವ ರೊಕ್ಕ ಇದ್ದವರು ಎದ್ದು ನಿಂತರು.

ಆದ್ದರಿಂದ ನಮ್ಮ ಲೆಕ್ಕದ ಮನೆಯಲ್ಲಿ ಉಳಿದ 96,000ದಲ್ಲಿ 40,000ವನ್ನು ಈ ಕಿಸೆಗೆ ಹಾಕೋಣ. ಆರು ತಿಂಗಳ ಮನೆಖರ್ಚು ಆಗುವವರೆಗೆ ಎರಡು ವರ್ಷ ಹೀಗೆ ತುಂಬಬೇಕು. ಇದರ ಜೊತೆಗೆ ವಿಮೆ. ಗಂಡ ಹೆಂಡತಿ ಇಬ್ಬರಿಗೂ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, ವರ್ಷಕ್ಕೆ ತಲಾ 436 ರೂಪಾಯಿ. ಸುರಕ್ಷಾ ವಿಮೆ, ತಲಾ 20 ರೂಪಾಯಿ. ಮೊದಲನೆಯದು ಹೇಗೆ ಸತ್ತರೂ, ಎರಡನೆಯದು ಅಪಘಾತದಲ್ಲಿ ಸತ್ತರೆ, ಎರಡೆರಡು ಲಕ್ಷ ಕೊಡುತ್ತವೆ. ಇಬ್ಬರದೂ ಸೇರಿ 912 ರೂಪಾಯಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆಯಿದೆ, ಹಳ್ಳಿಯ ನಾಲ್ಕು ಜನರ ಮನೆಗೆ 500 ರೂಪಾಯಿ. ಮೇ ತಿಂಗಳ ಕೊನೆಗೆ ಖಾತೆಯಲ್ಲಿ ರೊಕ್ಕವಿಲ್ಲದೆ ಈ 436 ರೂಪಾಯಿ ಕಡಿತವಾಗದೇ ಹೋಗಿ, ಜುಲೈಯಲ್ಲಿ ಯಜಮಾನನನ್ನು ಕಳೆದುಕೊಂಡು ಬಂದ ಹೆಣ್ಣುಮಗಳಿಗೆ “ವಿಮೆ ಮುಂದುವರಿದಿಲ್ಲ, ತಂಗೀ” ಎಂದು ನಾನು ಹೇಳಬೇಕಾಯಿತು. ಅಂಥ ಮಾತು ಮತ್ತೆ ಯಾರಿಗೂ ಹೇಳುವ ಪ್ರಸಂಗ ಬರಬಾರದು. ಮೇ ತಿಂಗಳಲ್ಲಿ ಖಾತೆ ನೋಡಿಕೊಳ್ಳಿ.

ಮೂರನೆಯದು ಮೊಮ್ಮಗಳ ಸಾಲೆಯ ಕಿಸೆ. ಮೂರು ವರ್ಷದಿಂದ ಹತ್ತು ಹದಿನೈದು ವರ್ಷದೊಳಗೆ ಬೇಕಾಗುವ, ದಿನ ಗೊತ್ತಿರುವ ರೊಕ್ಕ. ಮಗಳಿಗೆ ಹತ್ತು ವರ್ಷ ತುಂಬುವ ಮೊದಲು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಹೆಚ್ಚೆಂದರೆ ಒಂದೂವರೆ ಲಕ್ಷ. ಹದಿನೈದು ವರ್ಷ ರೊಕ್ಕ ತುಂಬಿದರೆ ಸಾಕು, ಖಾತೆ ತೆರೆದು ಇಪ್ಪತ್ತೊಂದು ವರ್ಷವಾದಾಗ ಪೂರ್ತಿ ಕೈಗೆ ಬರುತ್ತದೆ. ಮಗಳಿಗೆ ಹದಿನೆಂಟು ತುಂಬಿದ ಮೇಲೆ ಓದಿಗಾಗಿ ಅರ್ಧ ತೆಗೆಯಬಹುದು. 2024ರ ಜನವರಿಯಲ್ಲಿ ಇದರ ಬಡ್ಡಿ ನೂರಕ್ಕೆ 8.2ಕ್ಕೆ ಏರಿತು. ಮೂರು ತಿಂಗಳಿಗೊಮ್ಮೆ ಸರ್ಕಾರ ದರ ನಿಗದಿ ಮಾಡುತ್ತದೆ ಎನ್ನುವುದು ನೆನಪಿರಲಿ.

ಠೇವಣಿಯ ಬಡ್ಡಿಯೂ ನಿಂತಲ್ಲಿ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರ 2020ರಲ್ಲಿ ನೂರಕ್ಕೆ 4ಕ್ಕೆ ಇಳಿದು, 2023ರಲ್ಲಿ 6.5ಕ್ಕೆ ಏರಿ, 2025ರ ಡಿಸೆಂಬರಿಗೆ ಮತ್ತೆ 5.25ಕ್ಕೆ ಇಳಿಯಿತು. ಬ್ಯಾಂಕುಗಳ ಠೇವಣಿ ದರವೂ ಅದರ ಹಿಂದೆಯೇ ಏರಿ ಇಳಿಯುತ್ತದೆ. ಅದಕ್ಕೆ ಒಂದು ಸರಳ ಉಪಾಯವಿದೆ. ಒಂದೂವರೆ ಲಕ್ಷವನ್ನು ಒಂದೇ ಠೇವಣಿ ಮಾಡುವ ಬದಲು ಐವತ್ತು ಐವತ್ತು ಸಾವಿರದ ಮೂರು ತುಂಡು ಮಾಡಿ, ಒಂದು ವರ್ಷಕ್ಕೆ, ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಇಡಿ. ದರ ಏರಿದಾಗ ಒಂದು ತುಂಡು ಹೊಸ ದರಕ್ಕೆ ಸಿಗುತ್ತದೆ. ಇಳಿದಾಗ ಉಳಿದೆರಡು ಹಳೆಯ ದರದಲ್ಲೇ ಇರುತ್ತವೆ. ನಡುವೆ ಅಡಚಣೆ ಬಂದರೆ ಒಂದನ್ನು ಮಾತ್ರ ಮುರಿಸಿದರೆ ಆಯಿತು.

ಬಂಗಾರದ ಮಾತು ಬಂದೇ ಬರುತ್ತದೆ. 2025ರ ಏಪ್ರಿಲಿನಲ್ಲಿ ಹತ್ತು ಗ್ರಾಂ ಬಂಗಾರ ಒಂದು ಲಕ್ಷ ಮುಟ್ಟಿದಾಗಿನಿಂದ ಬಂಗಾರ ಎಂದೂ ಇಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾರೆ. ಇಳಿದದ್ದನ್ನು ನಾನು ನೋಡಿದ್ದೇನೆ. 2012ರಲ್ಲಿ 31 ಸಾವಿರದ ಆಸುಪಾಸು ಇದ್ದದ್ದು 2015ರಲ್ಲಿ 26 ಸಾವಿರದ ಆಸುಪಾಸಿಗೆ ಬಂದಿತ್ತು. ಆ ಮೂರು ವರ್ಷದಲ್ಲಿ ಮಗಳ ಫೀಗಾಗಿ ಮಾರಿದವರಿಗೆ ನಷ್ಟ, ಇಟ್ಟುಕೊಂಡವರಿಗೆ ಲಾಭ. ಇಲ್ಲಿಯೂ ಪ್ರಶ್ನೆ ಅದೇ: ರೊಕ್ಕ ಯಾವ ದಿನ ಬೇಕಿತ್ತು? ದಾಗೀನು ಮೈಮೇಲೆ ಹಾಕಿಕೊಳ್ಳಲು ಎಂದು ಮಾಡಿಸಿ. ಅದರಲ್ಲಿ ಮಜೂರಿ ಹೋಗುತ್ತದೆ, ಮಾರುವಾಗ ಆ ಮಜೂರಿ ಮರಳಿ ಬರುವುದಿಲ್ಲ. ಹಾಲ್‌ಮಾರ್ಕಿನ ಆರು ಅಕ್ಷರಾಂಕಿಯ ಗುರುತು ಇಲ್ಲದ ಬಂಗಾರ ಕೊಳ್ಳಬೇಡಿ, ಪಕ್ಕಾ ಬಿಲ್ಲು ಬಿಡಬೇಡಿ.

ನಾಲ್ಕನೆಯದು ಕೊನೆಯ ಕಿಸೆ. ಅಜ್ಜಿ ಅದನ್ನು ತನ್ನ ಮಣ್ಣಿಗೆಂದು ಇಟ್ಟಿದ್ದಳು. ದುಡಿಯುವ ವಯಸ್ಸಿನವರಿಗೆ ಅದು ಮುಪ್ಪಿನ ಕಿಸೆ. ಹದಿನೈದು ಇಪ್ಪತ್ತು ವರ್ಷ ಮುಟ್ಟದ ರೊಕ್ಕ. ಅಂಚೆಯ ಪಿಪಿಎಫ್ ಇದೆ, 15 ವರ್ಷದ್ದು. ಅಟಲ್ ಪಿಂಚಣಿ ಇದೆ, 18ರಿಂದ 40 ವಯಸ್ಸಿನೊಳಗೆ ಸೇರಬೇಕು. ಮೂವತ್ತರಲ್ಲಿ ಸೇರಿದವರು ತಿಂಗಳಿಗೆ 577 ರೂಪಾಯಿ ಕಟ್ಟಿದರೆ ಅರವತ್ತರಿಂದ ತಿಂಗಳಿಗೆ 5,000 ಬರುತ್ತದೆ. ಆದರೆ ಮೂವತ್ತು ವರ್ಷದ ನಂತರ 5,000ಕ್ಕೆ ಎಷ್ಟು ಜೋಳ ಬಂದೀತು? ಬೆಲೆ ಏರುವುದನ್ನು ಬರೀ ಠೇವಣಿಯಿಂದ ಹಿಂದೆ ಹಾಕುವುದು ಕಷ್ಟ. ಅದಕ್ಕೇ ಈ ಒಂದು ಕಿಸೆಯಲ್ಲಿ ಮಾತ್ರ ಶೇರುಪೇಟೆಗೆ ಜಾಗವಿದೆ, ಅದೂ ಮ್ಯೂಚುವಲ್ ಫಂಡಿನ ಮೂಲಕ, ತಿಂಗಳ ಕಂತಿನಲ್ಲಿ. ಇದನ್ನೇ ಎಸ್‌ಐಪಿ ಎನ್ನುತ್ತಾರೆ. ಕಬ್ಬಿನ ಬಿಲ್ಲು ಬಂದಾಗ 12,000 ಬೇರೆ ಖಾತೆಯಲ್ಲಿಟ್ಟರೆ ತಿಂಗಳಿಗೆ ಸಾವಿರದಂತೆ ಪಾಳಿಯ ಪ್ರಕಾರ ಹೋಗುತ್ತದೆ. ಪೇಟೆ ಇಳಿದ ತಿಂಗಳು ಅದೇ ಸಾವಿರಕ್ಕೆ ಹೆಚ್ಚು ಯೂನಿಟ್ಟು ಸಿಗುತ್ತವೆ, ಏರಿದ ತಿಂಗಳು ಕಡಿಮೆ.

2020ರ ಜನವರಿಯಲ್ಲಿ ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 42,000 ದಾಟಿತ್ತು. ಕೊರೋನಾ ಬಂದು ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಕ ಕುಸಿದು 26,000ಕ್ಕಿಂತ ಕೆಳಗೆ ನಿಂತಿತು. ನವೆಂಬರ್ ಹೊತ್ತಿಗೆ ಮತ್ತೆ 42,000 ಮುಟ್ಟಿತು. ಮುಪ್ಪಿಗೆಂದು ಇಟ್ಟವನು ಆ ಎಂಟು ತಿಂಗಳು ಸುಮ್ಮನೆ ಕೂತ, ಏನೂ ಕಳೆದುಕೊಳ್ಳಲಿಲ್ಲ. ಮೇ ತಿಂಗಳ ಮದುವೆಗೆ ಬೇಕಾದ ರೊಕ್ಕವನ್ನು ಅಲ್ಲಿಟ್ಟವನು ನಷ್ಟಕ್ಕೆ ಮಾರಿ ಬಂದ. ಪೇಟೆ ಇಬ್ಬರಿಗೂ ಒಂದೇ. ಕಿಸೆ ಬೇರೆ.

ನಮ್ಮ ಲೆಕ್ಕದ ಮನೆಯಲ್ಲಿ ಮೂರನೆಯ ಕಿಸೆಗೆ 24,000, ನಾಲ್ಕನೆಯದಕ್ಕೆ 24,000 ಹಾಕಿದರೆ, ವಿಮೆಯೂ ಹೋಗಿ ಇನ್ನೂ ಆರೂವರೆ ಸಾವಿರ ಉಳಿಯುತ್ತದೆ. ಅದು ಜಾತ್ರೆಗೆ, ಹೊಸ ಬಟ್ಟೆಗೆ ಇರಲಿ. ಸಂತೋಷಕ್ಕೂ ಪಾಲು ಇಡದ ಲೆಕ್ಕ ಬಹಳ ದಿನ ನಡೆಯುವುದಿಲ್ಲ.

ಚಂಚಿ ಎಷ್ಟು ಚೆಂದ ಹೊಲಿದರೂ ತೂತು ಬಿದ್ದರೆ ಉಪಯೋಗವಿಲ್ಲ. ನಮ್ಮಲ್ಲಿ ಮೂರು ತೂತುಗಳಿವೆ.

ಒಂದು, ಕೈಬಡ್ಡಿಯ ಸಾಲ. ನೂರಕ್ಕೆ ಮೂರು ಎಂದು ಹಗುರಾಗಿ ಹೇಳುತ್ತೇವೆ. ಅದು ತಿಂಗಳಿಗೆ, ವರ್ಷಕ್ಕೆ 36 ಆಯಿತು. ಬಡ್ಡಿ ಕಟ್ಟದೆ ಅಸಲಿಗೆ ಸೇರುತ್ತ ಹೋದರೆ ಇಪ್ಪತ್ನಾಲ್ಕು ತಿಂಗಳಿಗೆ ಒಂದು ಲಕ್ಷ ಎರಡು ಲಕ್ಷವಾಗುತ್ತದೆ. ವರ್ಷಕ್ಕೆ ನೂರಕ್ಕೆ 36 ಖಾತ್ರಿಯಾಗಿ ಕೊಡುವ ಹೂಡಿಕೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಅಂಥ ಸಾಲ ಇದ್ದವರಿಗೆ ಅದನ್ನು ತೀರಿಸುವುದೇ ಎಲ್ಲಕ್ಕಿಂತ ದೊಡ್ಡ ಹೂಡಿಕೆ. ವಾರದ ಕಂತಿನ ಸಾಲದವರು ಮನೆ ಬಾಗಿಲಿಗೆ ಬಂದು ಕಿರುಕುಳ ಕೊಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಹೆದರಿ ಕೂರಬೇಡಿ, ಪೊಲೀಸರಿಗೆ ದೂರು ಕೊಡಿ.

ಎರಡು, ಒಂದೇ ಕಡೆ ಎಲ್ಲ ಠೇವಣಿ. ಸಹಕಾರ ನಮ್ಮ ಮಣ್ಣಿನ ಹೆಮ್ಮೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿ ಹಳ್ಳಿಹಳ್ಳಿಗೆ ದೀಪ ಹಚ್ಚಿತು. ಆ ಹೆಮ್ಮೆ ಇರುವುದರಿಂದಲೇ ಒಂದು ವಿಷಯ ಬಿಚ್ಚಿ ಹೇಳಬೇಕು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕಿನಲ್ಲಿ, ಅದು ಸಹಕಾರಿ ಬ್ಯಾಂಕಾದರೂ, ಒಬ್ಬರ ಠೇವಣಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಯವರೆಗೆ ಅದು ಒಂದೇ ಲಕ್ಷವಿತ್ತು. ಆದರೆ ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿ, ಸೊಸೈಟಿಗಳ ಠೇವಣಿಗೆ ಈ ವಿಮೆ ಇಲ್ಲ. ಬ್ಯಾಂಕಿಗಿಂತ ಒಂದೂವರೆ ಎರಡು ರೂಪಾಯಿ ಹೆಚ್ಚು ಬಡ್ಡಿ ಸಿಗುವುದು ಆ ಅಪಾಯದ ಬೆಲೆ. ನಿವೃತ್ತಿಯ ಅಷ್ಟೂ ರೊಕ್ಕವನ್ನು ಪರಿಚಯದವರ ಮಾತಿನ ಮೇಲೆ ಒಂದೇ ಸಂಘದಲ್ಲಿಟ್ಟು, ಅದರ ಬಾಗಿಲು ಮುಚ್ಚಿದ ಮೇಲೆ ವರ್ಷಗಟ್ಟಲೆ ಅಲೆದ ನನ್ನ ಹಿರಿಯ ಸಹೋದ್ಯೋಗಿಯ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಸಂಘದಲ್ಲಿ ಇಡಬೇಡಿ ಎನ್ನುತ್ತಿಲ್ಲ. ಕಳೆದುಕೊಂಡರೂ ಮನೆ ನಡೆದೀತು ಎನ್ನುವಷ್ಟೇ ಇಡಿ. ನೀವು ಅದರ ಸದಸ್ಯರು. ಸೆಪ್ಟೆಂಬರಿನ ವಾರ್ಷಿಕ ಸಭೆಗೆ ಊಟಕ್ಕೆ ಮಾತ್ರ ಹೋಗದೆ ವರದಿ ಓದಿ. ಆಡಿಟ್‌ನಲ್ಲಿ ಯಾವ ವರ್ಗ ಬಂದಿದೆ, ವಸೂಲಾಗದ ಸಾಲ ಎಷ್ಟು ಎಂದು ಎದ್ದು ನಿಂತು ಕೇಳಿ. ಕೇಳುವ ಸದಸ್ಯರಿರುವ ಸಂಘ ಕೆಡುವುದಿಲ್ಲ.

ಮೂರನೆಯದು ಹೊಸ ತೂತು, ಮೊಬೈಲಿನೊಳಗಿನದು. ಹುಡುಗರು ಟ್ರೇಡಿಂಗ್ ಎಂದು ಆಪ್ಷನ್ ಆಡುತ್ತಿದ್ದಾರೆ. ಶೇರುಪೇಟೆಯ ನಿಯಂತ್ರಕರಾದ ಸೆಬಿಯವರು 2024ರಲ್ಲಿ ಲೆಕ್ಕ ತೆಗೆದರು. ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ ಆಡಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಇದು ಹೂಡಿಕೆಯಲ್ಲ, ಸಟ್ಟಾ. ಅಪ್ಪನ ಕಬ್ಬಿನ ಬಿಲ್ಲು ಹದಿನೈದು ದಿನದಲ್ಲಿ ಹೋದದ್ದನ್ನು ಅಪ್ಪನಿಗೆ ಹೇಗೆ ಹೇಳಲಿ ಎಂದು ನನ್ನ ಮುಂದೆ ಕೂತು ಅತ್ತ ಹುಡುಗನಿಗೆ ಇಪ್ಪತ್ತಮೂರು ವರ್ಷ. ತಂದೆತಾಯಿಗಳೇ, ಮಕ್ಕಳನ್ನು ಬೈಯುವ ಮೊದಲು ಅವರ ಹತ್ತಿರ ಕೂತು ಕೇಳಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಖಾತ್ರಿ ಲಾಭ ಎಂದವರನ್ನು ನಂಬಬೇಡಿ. ಮೋಸ ಹೋದ ತಕ್ಷಣ, ಸಂಕೋಚ ಬಿಟ್ಟು, ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿ. ಬೇಗ ಹೇಳಿದಷ್ಟು ರೊಕ್ಕ ತಡೆಯಲು ಅವಕಾಶ ಹೆಚ್ಚು.

ಕೇಳುಗರೇ, ಇವತ್ತು ರಾತ್ರಿ ಊಟವಾದ ಮೇಲೆ ಒಂದು ಹಾಳೆ ತೆಗೆದುಕೊಂಡು ನಾಲ್ಕು ಗೆರೆ ಎಳೆಯಿರಿ. ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಎಳೆಯಿರಿ. ಚಂಚಿಯ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಇದ್ದ ಪ್ರತಿ ರೂಪಾಯಿಗೂ ಅದು ಬೇಕಾಗುವ ದಿನ ಬರೆಯಿರಿ. ಕೊನೆಯಲ್ಲಿ ಪ್ರತಿ ಖಾತೆಗೂ ನಾಮಿನಿ ಯಾರು ಎಂದು ಬರೆಯಿರಿ.

ಆ ಅಜ್ಜಿ ಖಾತೆ ತೆರೆದ ದಿನವೇ ಮಗನ ಹೆಸರನ್ನು ನಾಮಿನಿಯಾಗಿ ಬರೆಸಿ ಹೆಬ್ಬೆಟ್ಟು ಒತ್ತಿದ್ದಳು. ಕೆಲವು ವರ್ಷಗಳ ನಂತರ ಮಗ ಪಾಸ್‌ಬುಕ್ಕು ಹಿಡಿದುಕೊಂಡು ಬಂದ. ಕಾಗದಪತ್ರ ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ರೊಕ್ಕ ಎಣಿಸಿಕೊಂಡು ಅವನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತ. ಆಮೇಲೆ ಹೇಳಿದ: “ಮಣ್ಣಿಗೆ ತಂದ ಕೈಗಡ ಇವತ್ತ ಮುಟ್ಟಸ್ತೀನ್ರಿ ಸಾಹೇಬ್ರ. ಅವ್ವ ಹೇಳಿದಂಗ, ಸಾಲ ಉಳೀಲಿಲ್ಲ.”